ಲೋಹದ ಮೇಲೆ ಲೇಸರ್ ಮಾಡುವ ಗುರುತು: ಕೆತ್ತನೆಯೇ, ಬರೆಯೇ?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಗಾಗಿ ಲೇಸರ್ ಯಂತ್ರದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೋಹದ ಬಿಡಿಭಾಗಗಳ ಮೇಲೆ ಹೆಸರು, ಸಂಖ್ಯೆ, ಲಾಂಛನ ಮೂಡಿಸುವ ಯಂತ್ರ ಅದು. ಕೈಪಿಡಿಯಲ್ಲಿ ಒಂದು ಇಡೀ ಅಧ್ಯಾಯ ಬಂದೂಕಿನ ಭಾಗಗಳ ಮೇಲೆ ಸಂಖ್ಯೆ ಹಾಕುವುದಕ್ಕೆ ಮೀಸಲಾಗಿದೆ. ನಮ್ಮ ಕಾರ್ಖಾನೆಯವರದು ಪಂಪು, ವಾಲ್ವುಗಳ ಕೆಲಸ. ಬಂದೂಕಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಗುರುತಿನ ಆಳ, ಅಕ್ಷರದ ಎತ್ತರ ಇವುಗಳ ಪಾಠವೆಲ್ಲ ಆ ಅಧ್ಯಾಯದಲ್ಲೇ ಇರುವುದರಿಂದ ಅದನ್ನು ಬಿಡುವಂತಿಲ್ಲ. ಮಾರ್ಕಿಂಗ್, ಎನ್‌ಗ್ರೇವಿಂಗ್, ಎಚಿಂಗ್, ಅನೀಲಿಂಗ್ ಎಂಬ ನಾಲ್ಕು ಮಾತುಗಳು ಪುಟಪುಟಕ್ಕೂ ಬರುತ್ತವೆ. ನಾಲ್ಕಕ್ಕೂ ‘ಕೆತ್ತನೆ’ ಎಂದು ಬರೆದು ಮುಗಿಸಿದ್ದೆ. ಅಧ್ಯಾಯದ ನಡುವೆ ಒಂದು ವಾಕ್ಯ ಹೀಗೆ ಬಂತು: ‘ಇಲ್ಲಿ ಕೆತ್ತನೆ ಸಾಲದು, ಕೆತ್ತನೆಯೇ ಆಗಬೇಕು.’ ಪೆನ್ನು ಕೆಳಗಿಟ್ಟೆ.

ಎರಡನೆಯ ಸಲ ‘ಕೊರೆ’ ಎಂಬ ಕ್ರಿಯಾಪದವನ್ನು ಹಿಡಿದೆ. ‘ನಳಿಗೆಯ ಮೇಲೆ ಸಂಖ್ಯೆಯನ್ನು ಕೊರೆಯಿರಿ’ ಎಂಬ ಸಾಲನ್ನು ಕಾರ್ಖಾನೆಯ ಮೇಲ್ವಿಚಾರಕರು ಓದಿ, ‘ಸಾರ್, ನಳಿಗೆ ಕೊರೆಯುವುದು ಲೇತಿನವರ ಕೆಲಸ, ನಾವು ನಂಬರ್ ಹಾಕುವವರು’ ಎಂದರು. ಅವರ ಮಾತು ಸರಿ. ಬಂದೂಕಿನ ನಳಿಗೆಯನ್ನು ಕೊರೆಯುವುದೆಂದರೆ ಅದರೊಳಗೆ ತೂತು ಮಾಡುವುದು. ಕೊರೆತಕ್ಕೆ ಆಳವೇ ಜೀವ, ಕೊಳವೆಬಾವಿಯನ್ನೂ ಕೊರೆಯುತ್ತೇವೆ. ಕಾಗದದಷ್ಟು ತೆಳುವಾದ ಗುರುತಿಗೆ ಆ ಪದ ದೊಡ್ಡಣ್ಣನ ಅಂಗಿಯಂತೆ ಜೋಲಾಡುತ್ತದೆ. ಅಲ್ಲಿನ ಕೆಲಸಗಾರರು ಏನು ಹೇಳುತ್ತಾರೆಂದು ಕೇಳಿದೆ. ‘ಮಾರ್ಕಿಂಗ್ ಹೊಡೆಯುವುದು’ ಎಂದರು. ಉಕ್ಕಿನ ಅಂಕಿಯಚ್ಚನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ ಕಾಲದ ‘ಹೊಡೆ’, ಸುತ್ತಿಗೆ ಹೋದರೂ ನಾಲಿಗೆಯ ಮೇಲೆ ಉಳಿದುಕೊಂಡಿದೆ. ಪಾತ್ರೆ ಅಂಗಡಿಯಲ್ಲಿ ನಾವು ಹೆಸರು ಹೊಡೆಸುವುದೂ ಹಾಗೆಯೇ. ನಮ್ಮ ಮನೆಯ ಸ್ಟೀಲ್ ಚೊಂಬಿನ ಮೇಲೆ ಅಜ್ಜಿಯ ಹೆಸರು ಸಾಸಿವೆಯಂಥ ಚುಕ್ಕಿಗಳ ಸಾಲಿನಲ್ಲಿ ಇದೆ. ಉಗುರಿನಿಂದ ಸವರಿದರೆ ಒಂದೊಂದು ಚುಕ್ಕಿಯೂ ತಡೆಯುತ್ತದೆ.

ಈ ಉಗುರಿನ ಪರೀಕ್ಷೆಯೇ ನನಗೆ ದಾರಿ ತೋರಿಸಿತು. ಮೇಲ್ವಿಚಾರಕರು ನನ್ನ ಮುಂದೆ ಮೂರು ತುಂಡುಗಳನ್ನು ಇಟ್ಟರು. ಮೊದಲನೆಯದು ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆ. ಅದರ ಮೇಲೆ ಕಪ್ಪು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ, ಆದರೆ ಉಗುರಿಗೆ ಏನೂ ಸಿಗುವುದಿಲ್ಲ. ಲೇಸರ್ ಅಲ್ಲಿ ಲೋಹವನ್ನು ತೆಗೆದಿಲ್ಲ, ಬಿಸಿ ಮಾಡಿದೆ ಅಷ್ಟೆ. ಆ ಬಿಸಿಗೆ ಗಾಳಿಯ ಆಮ್ಲಜನಕ ಸೇರಿ ಆಕ್ಸೈಡಿನ ಪೊರೆ ಕಟ್ಟಿ ಬಣ್ಣ ಬಂದಿದೆ. ಇದು ಅನೀಲಿಂಗ್. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಇದನ್ನೇ ಬಯಸುತ್ತಾರೆ, ಏಕೆಂದರೆ ಕೊಳೆ ಕೂರಲು ಗುಳಿಯಿರುವುದಿಲ್ಲ. ಎರಡನೆಯದು ಬಣ್ಣ ಹಿಡಿಸಿದ ಅಲ್ಯೂಮಿನಿಯಂ. ಅದರ ಬಣ್ಣದ ಪೊರೆ ಮಾತ್ರ ಹಾರಿ ಒಳಗಿನ ಬಿಳುಪು ಅಕ್ಷರವಾಗಿ ಕಂಡಿದೆ. ಮೂರನೆಯದು ಉಕ್ಕಿನ ತುಂಡು. ಇದರಲ್ಲಿ ಉಗುರು ನಿಂತೇ ಹೋಗುತ್ತದೆ, ಲೋಹ ಆವಿಯಾಗಿ ಎದ್ದುಹೋದ ಗುಳಿ ಅದು. ಇದು ಎನ್‌ಗ್ರೇವಿಂಗ್. ಯಂತ್ರ ಒಂದೇ, ಬೆಳಕೂ ಒಂದೇ: 1064 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಫೈಬರ್ ಲೇಸರ್. ಎಷ್ಟು ಶಕ್ತಿಯನ್ನು ಎಷ್ಟು ವೇಗದಲ್ಲಿ ಎಷ್ಟು ಸಲ ಹರಿಸಿದರು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಬಂದೂಕಿನ ಅಧ್ಯಾಯಕ್ಕೆ ಬೇಕಾಗಿರುವುದು ಈ ಮೂರನೆಯದು. ಅಮೆರಿಕದ ನಿಯಮದ ಪ್ರಕಾರ ಬಂದೂಕಿನ ಕ್ರಮಸಂಖ್ಯೆ ಕನಿಷ್ಠ 0.003 ಅಂಗುಲ ಆಳ ಇರಬೇಕು, ಅಂಕಿಯ ಎತ್ತರ 1/16 ಅಂಗುಲಕ್ಕಿಂತ ಕಡಿಮೆ ಇರಬಾರದು. 0.003 ಅಂಗುಲವೆಂದರೆ ಸುಮಾರು 76 ಮೈಕ್ರಾನ್, ಜೆರಾಕ್ಸ್ ಕಾಗದದ ದಪ್ಪಕ್ಕಿಂತ ತುಸು ಕಡಿಮೆ. ಅನೀಲಿಂಗ್‌ನ ಕಪ್ಪು ಎಷ್ಟೇ ಚೆಂದವಾಗಿದ್ದರೂ ಆಳವಿಲ್ಲದ ಕಾರಣ ಇಲ್ಲಿ ಅದು ನಡೆಯುವುದಿಲ್ಲ. ‘ಮಾರ್ಕಿಂಗ್ ಸಾಲದು, ಎನ್‌ಗ್ರೇವಿಂಗ್ ಆಗಬೇಕು’ ಎಂದು ಕೈಪಿಡಿ ಹೇಳುವುದು ಇದನ್ನೇ. ನಾನು ಎರಡನ್ನೂ ಕೆತ್ತನೆಯಾಗಿಸಿ ಹಾಳು ಮಾಡಿದ್ದೆ.

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ಬೇರೊಂದು ಪದವನ್ನು ಮುಂದಿಡುತ್ತದೆ. ಬಂದೂಕಿನ ಮೇಲೆ ‘ಸ್ಟ್ಯಾಂಪ್ ಮಾಡಿದ ಅಥವಾ ಬೇರೆ ರೀತಿಯಲ್ಲಿ ತೋರಿಸಿದ’ ಹೆಸರು, ಸಂಖ್ಯೆ, ಗುರುತುಗಳನ್ನು ಯಾರೂ ಅಳಿಸಬಾರದು, ತೆಗೆಯಬಾರದು, ಬದಲಾಯಿಸಬಾರದು, ನಕಲಿ ಮಾಡಬಾರದು ಎಂಬುದು ಅದರ ಸಾರ. ಈ ಸ್ಟ್ಯಾಂಪಿಗೆ ‘ಅಚ್ಚೊತ್ತಿದ’ ಎಂಬುದು ನನಗೆ ಬಹಳ ಹಿಡಿಸುತ್ತದೆ. ಅಚ್ಚೊತ್ತಿದಾಗ ಲೋಹ ಹೋಗುವುದಿಲ್ಲ, ಪಕ್ಕಕ್ಕೆ ಸರಿದು ತಳದಲ್ಲಿ ಅದುಮಿಕೊಳ್ಳುತ್ತದೆ. ಯಾರಾದರೂ ಮೇಲ್ಮೈಯನ್ನು ತೇಯ್ದರೂ, ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಸವರಿ ಆ ಅದುಮಿದ ಲೋಹದಿಂದ ಸಂಖ್ಯೆಯನ್ನು ಎಷ್ಟೋ ಸಲ ಮತ್ತೆ ಕಾಣಿಸುತ್ತಾರೆ. ‘ಮನಸ್ಸಿನಲ್ಲಿ ಅಚ್ಚೊತ್ತಿದೆ’ ಎಂದು ನಾವು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆದರೆ ಲೇಸರಿಗೆ ‘ಒತ್ತು’ ಒಪ್ಪುವುದಿಲ್ಲ, ಅದು ಯಾವುದನ್ನೂ ಒತ್ತುವುದಿಲ್ಲ. ಇದೇ ಕಾರಣಕ್ಕೆ ‘ಮುದ್ರೆ’ಯನ್ನೂ ಪಕ್ಕಕ್ಕಿಟ್ಟಿದ್ದೇನೆ. ಒಡವೆಗಳ ಮೇಲೆ ಲೇಸರಿನಿಂದ ಹಾಕುವ ಆರು ಅಂಕಿ-ಅಕ್ಷರಗಳ ಗುರುತನ್ನೂ ನಾವು ಹಾಲ್‌ಮಾರ್ಕ್ ಮುದ್ರೆ ಎಂದೇ ಕರೆಯುತ್ತೇವೆ, ಅದು ಬೇರೆ ಮಾತು.

ಆಳದ ಗುರುತಿಗೆ ನನ್ನ ಮನಸ್ಸು ‘ಕಂಡರಿಸು’ ಕಡೆಗೆ ವಾಲುತ್ತಿದೆ. ಶಾಸನಗಳನ್ನು ಓದುವವರಿಗೆ ಇದು ಹೊಸದಲ್ಲ. ಎಷ್ಟೋ ಶಾಸನಗಳ ಕೊನೆಯಲ್ಲಿ ಪದ್ಯ ಕಟ್ಟಿದವನು, ಬರೆದವನು, ಕಂಡರಿಸಿದವನು ಎಂದು ಬೇರೆಬೇರೆ ಹೆಸರುಗಳಿರುತ್ತವೆ. ಬರೆಯುವುದು ಮೇಲ್ಮೈಯ ಕೆಲಸ, ಕಂಡರಿಸುವುದು ಕಲ್ಲಿನ ಒಳಕ್ಕೆ ಇಳಿಯುವ ಕೆಲಸ ಎಂಬ ವಿವೇಕ ಅವರಿಗಿತ್ತು. ಬೆಂಗಳೂರಿನ ಹೆಸರನ್ನು ಹೊತ್ತಿರುವ ಬೇಗೂರಿನ ವೀರಗಲ್ಲು ಇಂದಿಗೂ ಓದಲು ಸಿಗುತ್ತಿರುವುದು ಕಂಡರಿಸಿದವನ ದೆಸೆಯಿಂದ. ಲೇಸರ್ ಯಂತ್ರದಲ್ಲಿ ಬರೆಯುವುದು ಕಂಪ್ಯೂಟರು, ಕಂಡರಿಸುವುದು ಬೆಳಕು. ನನ್ನ ಅಳುಕು ಒಂದೇ: ಯಂತ್ರದ ಮುಂದೆ ನಿಂತ ಇಪ್ಪತ್ತು ವರ್ಷದ ಹುಡುಗನಿಗೆ ‘ಕಂಡರಿಸಿ’ ಎಂದರೆ ‘ಕಂಡರೆ ಏನು ಮಾಡಬೇಕು ಸಾರ್?’ ಎಂದು ಕೇಳಿಯಾನು.

ಇನ್ನು ಅನೀಲಿಂಗ್. ಇದಕ್ಕೆ ‘ಬರೆ’ ಎನ್ನಬಹುದೇ? ಕಾಯಿಸಿದ ಕಬ್ಬಿಣದಿಂದ ದನಕ್ಕೆ ಹಾಕುವ ಬರೆ, ಹುಲಿಯನ್ನು ನೋಡಿ ನರಿ ಹಾಕಿಕೊಂಡ ಬರೆ. ಬಿಸಿಯಿಂದ ಮೈಮೇಲೆ ಮೂಡುವ, ಮೈಯನ್ನು ಕಡಿಯದ ಗುರುತು. ಅನೀಲಿಂಗ್ ಅಕ್ಷರಶಃ ಅದೇ. ಜೊತೆಗೆ ಅಕ್ಷರವನ್ನು ಬರೆಯುವ ‘ಬರೆ’ಯೂ ಅದರೊಳಗೆ ಕೇಳಿಸುತ್ತದೆ ಎಂಬುದು ನನಗೆ ಸಂತೋಷ, ಕೈಪಿಡಿಗೆ ಸಂಕಟ. ‘ಇಲ್ಲಿ ಸಂಖ್ಯೆಯನ್ನು ಬರೆಯಿರಿ’ ಎಂದರೆ ಹುಡುಗ ಮಾರ್ಕರ್ ಪೆನ್ನನ್ನು ಹುಡುಕುತ್ತಾನೆ. ‘ಬರೆ ಹಾಕಿ’ ಎಂದರೆ ಗೊಂದಲವಿಲ್ಲ, ಆದರೆ ಮೇಲ್ವಿಚಾರಕರು ಮುಖ ಕಿವುಚಿದರು. ಚಿಕ್ಕಂದಿನಲ್ಲಿ ಕಾಮಾಲೆಗೆಂದು ಅವರ ಮೊಣಕೈಗೆ ಬರೆ ಹಾಕಿಸಿದ್ದರಂತೆ. ತೋಳು ಮಡಿಸಿ ತೋರಿಸಿದರು.

ಸದ್ಯಕ್ಕೆ ನನ್ನ ಕರಡು ಹೀಗಿದೆ: ಎಲ್ಲವನ್ನೂ ಒಳಗೊಳ್ಳುವ ಮಾರ್ಕಿಂಗಿಗೆ ‘ಗುರುತು ಹಾಕು’, ಆಳದ್ದಕ್ಕೆ ‘ಕಂಡರಿಸು’ ಅಥವಾ ‘ಆಳಗೆತ್ತನೆ’, ಬಣ್ಣದ ಪೊರೆ ತೆಗೆಯುವುದಕ್ಕೆ ‘ಪೊರೆ ಕಳಚು’, ಅನೀಲಿಂಗಿಗೆ ‘ಬರೆಗುರುತು’. ಎಚಿಂಗ್ ಅನ್ನು ಹಾಗೆಯೇ ಬಿಟ್ಟಿದ್ದೇನೆ. ಮೂಲದಲ್ಲಿ ಅದು ಆಮ್ಲದ ಕೆಲಸ, ಲೇಸರಿನವರು ಸಡಿಲವಾಗಿ ಬಳಸುತ್ತಾರೆ. ಅವರ ಸಡಿಲಿಕೆಗೆ ನಾವೇಕೆ ಹೊಸ ಪದ ಕಟ್ಟಿಕೊಡಬೇಕು?

ನಿಮ್ಮಲ್ಲಿ ಅಕ್ಕಸಾಲಿಗರ, ಕಂಚುಗಾರರ ಮನೆಗಳಿಂದ ಬಂದವರಿದ್ದರೆ ಒಂದು ಕೇಳಿಕೆ. ಲೋಹದಲ್ಲಿ ಗೆರೆ ಇಳಿಸುವುದಕ್ಕೂ ಬರಿಯ ಮೇಲ್ಮೈಯಲ್ಲಿ ಬಣ್ಣ ತಿರುಗಿಸುವುದಕ್ಕೂ ಮನೆಯಲ್ಲಿ ಬೇರೆ ಬೇರೆ ಮಾತುಗಳಿದ್ದವೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ. ಕೈಪಿಡಿಯನ್ನು ತಿಂಗಳ ಕೊನೆಯಲ್ಲಿ ಒಪ್ಪಿಸಬೇಕು.