ಅಪ್ಪಾಜಿ ಬಗ್ಗೆ ಏನು ಬರೀಲಿ, ಅರ್ಧಕ್ಕೆ ನಿಂತ ಹಲಗೆ ಏನು ಮಾಡ್ಲಿ?

ಬೀಟೆಮನೆ_ಮಗಳು:
ಎಲ್ರಿಗೂ ನಮಸ್ಕಾರ. ಬರೋ ತಿಂಗಳಿಗೆ ಅಪ್ಪಾಜಿ ತೀರ್ಕೊಂಡು ಒಂದು ವರ್ಷ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ದು ಸಣ್ಣ ಇನ್‌ಲೇ ವರ್ಕ್‌ಶಾಪು, ಬೀಟೆ ಹಲಗೇಲಿ ಗುಂಡಿ ತೋಡಿ ಬೇರೆ ಬೇರೆ ಮರದ ಚೂರು ಕೂರಿಸಿ ಚಿತ್ರ ಮಾಡೋ ಕೆಲಸ, ಒಂದು ಕಾಲಕ್ಕೆ ಏಳು ಜನ ಕೂರ್ತಿದ್ರು, ಕೊನೆಕೊನೆಗೆ ಅಪ್ಪಾಜಿ ಮತ್ತೆ ಇನ್ನೊಬ್ರು ಅಷ್ಟೇ. ವರ್ಷದ ತಿಥಿಗೆ ಬಂದೋರಿಗೆ ಕೊಡೋಕೆ ನಾಲ್ಕು ಪುಟದ ಪುಸ್ತಕ ಮಾಡ್ಸೋಣ ಅಂದ ಅಣ್ಣ, ಬರೆಯೋದು ನನ್ನ ತಲೆಗೆ ಬಂತು. ಮೂರು ವಾರದಿಂದ ಕೂತಿದೀನಿ. "ಸ್ನೇಹಜೀವಿ, ಕಲಾವಿದರು, ಪ್ರೀತಿಯ ತಂದೆ" ಅಂತ ಬರೀತೀನಿ, ಅಳಿಸ್ತೀನಿ. ಅದು ಯಾರಪ್ಪಂಗಾದ್ರೂ ಹೊಂದುತ್ತೆ.

ನಂಗೆ ಜ್ಞಾಪಕ ಬರೋದೆಲ್ಲ ಸಣ್ಣಸಣ್ಣದು. ಎಷ್ಟು ಒಗೆದ್ರೂ ಶರ್ಟ್ ಕಾಲರಲ್ಲಿ ಉಳ್ಕೊಳ್ತಿದ್ದ ಬೀಟೆ ಪುಡಿ ಕಲೆ. ರಾತ್ರಿ ಊಟಕ್ಕೆ ಕೂತ್ರೆ ಕೈಯಿಂದ ಬರೋ ಆ ಸಿಹಿ ವಾಸನೆ. ಬೇರೆಯವರು ಮಕ್ಕಳನ್ನ ಭಾನುವಾರ ಸಂಜೆ ಅರಮನೆ ಲೈಟ್ ನೋಡೋಕೆ ಕರ್ಕೊಂಡು ಹೋದ್ರೆ ನಮ್ಮನ್ನ ಹಗಲಲ್ಲೇ ಟಿಕೆಟ್ ತಗೊಂಡು ಅರಮನೆ ಒಳಗಿನ ಅಂಬಾವಿಲಾಸ ದರ್ಬಾರ್ ಹಾಲ್ ಬಾಗಿಲ ಮುಂದೆ ನಿಲ್ಸೋರು, ಬೀಟೆ ಮೇಲೆ ದಂತ ಕೂರಿಸಿರೋ ಬಾಗಿಲು ಅದು, "ಜಾಯಿಂಟ್ ಎಲ್ಲಿದೆ ಹುಡುಕು ನೋಡೋಣ" ಅನ್ನೋರು, ಸಿಗ್ತಾನೇ ಇರ್ಲಿಲ್ಲ.

ಪ್ರತಿ ದಸರಾಕ್ಕೂ ನಮ್ಮನೆ ಗೊಂಬೆ ಸಾಲಿಗೆ ಹೊಸದೊಂದು ಸಾಮಾನು ಮಾಡಿಕೊಡ್ತಿದ್ರು, ಎಲ್ಲ ಕತ್ತರಿಸಿ ಉಳಿದ ಚೂರಲ್ಲೇ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅರಮನೆ ಹತ್ರ ಇರೋ ದೊಡ್ಡ ಗಡಿಯಾರದ ಗೋಪುರಾನ ಒಂದು ಗೇಣು ಎತ್ತರಕ್ಕೆ ಮಾಡಿದ್ರು. 1927ರ ಆ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿ ಇದೆಯಲ್ಲ, ಇದರಲ್ಲೂ ಹಾಗೇ, ಒಂದೊಂದು ಅಂಕಿನೂ ಜೀರಿಗೆ ಕಾಳಿನಷ್ಟು, ಹಾಲೆ ಮರದ ಬಿಳಿ ಚೂರಲ್ಲಿ ಕೊರೆದು ಕೂರಿಸಿದ್ದು. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆ ಅಲ್ಲೇ ತಂದಿಟ್ಟು ಹೋಗಿದ್ಲು.

ಇನ್ನೊಂದು ಕೇಳ್ಬೇಕು. ಮೇಜಿನ ಮೇಲೆ ಒಂದು ಎತ್ತಿನ ಗಾಡಿ ಹಲಗೆ ಅರ್ಧಕ್ಕೆ ನಿಂತಿದೆ, ಚಕ್ರದ 12 ಕಡ್ಡೀಲಿ 7 ಕೂರಿಸಿದಾರೆ, ಇನ್ನು 5ರ ಗುಂಡಿ ಖಾಲಿ. ಬೇರೆಯವರ ಕೈಲಿ ಮುಗಿಸ್ಬೇಕಾ, ಹಾಗೇ ಬಿಡ್ಬೇಕಾ?

ಕುವೆಂಪುನಗರ_ಓದುಗ:
ಅಮ್ಮಾ, ನೀವು ಇಲ್ಲಿ ಬರೆದಿರೋದನ್ನೇ ಪ್ರಿಂಟಿಗೆ ಕೊಡಿ, ಆ ಗಡಿಯಾರ ಓದಿ ನಂಗೆ ಕಣ್ಣು ತುಂಬ್ತು. ಆದ್ರೆ ವ್ಯಾಪಾರದ ಕಷ್ಟಾನೂ ಬರೀರಿ, ಅದನ್ನ ಬಿಟ್ರೆ ಮನುಷ್ಯ ಅರ್ಧಾನೇ. ನಮ್ಮ ತಂದೇದು ಬೈಂಡಿಂಗ್ ಅಂಗಡಿ, ಅವರ ಬಗ್ಗೆ ಬರೆಯೋವಾಗ ಸಾಲದ ವಿಷಯ ಬೇಡ ಅಂದ್ರು ಮನೇಲಿ, ಬಿಟ್ಟೆ, ಈಗ್ಲೂ ಕೊರೀತಿದೆ. ಸಾಲ ತೀರಿಸೋಕೆ ರಾತ್ರಿಯೆಲ್ಲ ಬ್ಯಾಂಕ್ ಲೆಡ್ಜರ್ ಹೊಲೀತಿದ್ದದ್ದೇ ಅಲ್ವಾ ಅವರ ಜೀವನ. ಹಲಗೆ ಮಾತ್ರ ಮುಟ್ಟಬೇಡಿ, ಕೊನೇದಾಗಿ ಅವರ ಕೈ ಎಲ್ಲಿ ನಿಂತಿತ್ತು ಅಂತ ಮೊಮ್ಮಕ್ಕಳಿಗೆ ಕಾಣ್ಲಿ.

ಉಳಿ_ಗರಗಸ:
ಅಕ್ಕಾ, ಫೋಟೋ ಇಲ್ದಿದ್ರೂ ಆ ಗಡಿಯಾರದಿಂದ ಗೊತ್ತಾಯ್ತು ಯಾರ ಮನೆ ಅಂತ. ನಾನು ಅಲ್ಲಿ ಆರು ವರ್ಷ ಕೆಲಸ ಮಾಡಿದವನು, ಹದಿನಾರು ವಯಸ್ಸಿಗೆ ಬಂದೆ. ಮೊದಲ ಮೂರು ತಿಂಗಳು ಉಪ್ಪುಕಾಗದ ಬಿಟ್ಟು ಬೇರೇನೂ ಕೈಗೆ ಕೊಡ್ಲಿಲ್ಲ ಯಜಮಾನ್ರು, ಸಿಟ್ಟು ಬರ್ತಿತ್ತು, ಆಮೇಲೆ ಒಂದಿನ ಕರೆದು ಹಲಸಿನ ಚೂರು ತೋರಿಸಿ ಹೆಬ್ಬೆರಳು ನೀರಲ್ಲಿ ಅದ್ದಿ ಅದರ ಮೇಲೆ ಎಳೆದ್ರು, ಹಳದಿ ಎಳೆ ಎದ್ದು ಬಂತು, "ಪಾಲಿಶ್ ಆದ್ಮೇಲೆ ಹಿಂಗೇ ಕಾಣೋದು, ಈಗ್ಲೇ ನೋಡ್ಕೊಂಡು ಹಾಕು" ಅಂದ್ರು. ಗದ್ದೆಗೆ ಯಾವ ಎಳೆ, ದಾರಿಗೆ ಯಾವುದು, ಸಂಜೆ ಆಕಾಶಕ್ಕೆ ಯಾವುದು, ಬಣ್ಣ ಹಚ್ಚೋ ಮಾತೇ ಇಲ್ಲ, ಎಲ್ಲ ಮರದ್ದೇ ಬಣ್ಣ.

ಕಷ್ಟ ಬರೀರಿ ಅಂದ್ರಲ್ಲ ಮೇಲಿನವರು, ನಾನು ಹೇಳ್ತೀನಿ. ಯಜಮಾನ್ರ ತಂದೆ ಕಾಲದಲ್ಲಿ ಚಿತ್ರದ ಬಿಳಿ ಭಾಗಕ್ಕೆ ದಂತ ಕೂರಿಸ್ತಿದ್ರು. 1986ರಲ್ಲಿ ನಮ್ಮ ಆನೆ ದಂತದ ವ್ಯಾಪಾರ ಕಾನೂನಲ್ಲಿ ನಿಂತು, 1991ರಲ್ಲಿ ಆಫ್ರಿಕಾದ್ದು ತರೋದೂ ನಿಂತ ಮೇಲೆ ಸುಮಾರು ಜನ ಬಿಳಿ ಪ್ಲಾಸ್ಟಿಕ್ ಹಾಕೋಕೆ ಶುರು ಮಾಡಿದ್ರು, ಅಗ್ಗ, ಬೇಗಾನೂ ಆಗುತ್ತೆ. ಇವರು ಒಪ್ಲಿಲ್ಲ, ಹಾಲೆ ಮರಕ್ಕೇ ಅಂಟ್ಕೊಂಡ್ರು, ಆರ್ಡರ್ ಕಳ್ಕೊಂಡ್ರು. 2017ರಲ್ಲಿ ಬೀಟೆ ಸಾಮಾನು ಹೊರದೇಶಕ್ಕೆ ಹೋಗ್ಬೇಕಾದ್ರೆ ಸೈಟ್ಸ್ ಪೇಪರ್, ಅಂದ್ರೆ ಅಳಿವಿನ ಭಯ ಇರೋ ಪ್ರಾಣಿ-ಮರಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪರ್ಮಿಟ್ಟು, ಬೇಕು ಅಂತ ಬಂತು, ಆಗ ನಮ್ಮ ಹತ್ರ ತಗೋತಿದ್ದ ಏಜೆಂಟು ಹಳೇ ಬಾಕಿನೂ ಕೊಡದೆ ಫೋನ್ ಎತ್ತೋದು ಬಿಟ್ಟ. ಆ ತಿಂಗಳೂ ನಮ್ಮ ಸಂಬಳ ಒಂದನೇ ತಾರೀಕಿಗೇ ಬಂತು. ನಿಮ್ಮಮ್ಮನ ಬಳೆ ಅಡ ಇಟ್ಟಿದ್ರು ಅಂತ ನಂಗೆ ತಿಳಿದಿದ್ದು ಎಷ್ಟೋ ದಿನ ಆದ್ಮೇಲೆ. ಆಮೇಲೆ ಆ ನಿಯಮ ಸ್ವಲ್ಪ ಸಡಿಲ ಮಾಡಿದ್ರು, ಅಷ್ಟೊತ್ತಿಗೆ ನಾವೆಲ್ಲ ಚೆದುರಿ ಹೋಗಿದ್ವಿ. ರಂಜಾನ್ ತಿಂಗಳಲ್ಲಿ ನಮ್ಮನ್ನ ನಾಲ್ಕು ಗಂಟೆಗೇ ಮನೆಗೆ ಕಳಿಸಿ ಉಳಿದ ಕೆಲಸ ತಾವೇ ಮಾಡ್ಕೊಳ್ತಿದ್ರು, ಇದನ್ನೂ ಬರ್ಕೊಳ್ಳಿ.

ಹಲಗೆ ವಿಷಯ. ಅರ್ಧ ಬಿಟ್ಟ ಕೆಲಸ ಅವರಿಗೆ ಆಗ್ತಿರ್ಲಿಲ್ಲ ಅಕ್ಕಾ. ಅದೂ ಅಲ್ದೆ ಖಾಲಿ ಗುಂಡಿ ಹಾಗೇ ಬಿಟ್ರೆ ಧೂಳು ಕೂರುತ್ತೆ, ಮಳೆಗಾಲದಲ್ಲಿ ಅಂಚು ಉಬ್ಬಿ ಆಮೇಲೆ ಕಡ್ಡಿ ಕೂರೋದೇ ಇಲ್ಲ. ನೀವು ಹೂಂ ಅಂದ್ರೆ ಬರ್ತೀನಿ. ಈಗ ಆಟೋ ಓಡಿಸ್ತೀನಿ, ಆದ್ರೆ ಕೈ ಮರೆತಿಲ್ಲ.

ಬೀಟೆಮನೆ_ಮಗಳು:
ಬಳೆ ವಿಷಯ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಈಗ ಅಮ್ಮನ್ನ ಕೇಳ್ದೆ, "ಬಿಡಿಸ್ಕೊಂಡು ಬಂದ್ರಲ್ಲ, ಈಗ್ಯಾಕೆ ಆ ಮಾತು" ಅಂತ ಕೈ ತೋರಿಸಿದ್ಲು. ಇದನ್ನೆಲ್ಲ ಬರೀತೀನಿ. ಓದುಗ ಅವರೇ, ನಿಮ್ಮ ಮಾತು ನಂಗೂ ಸರಿ ಅನ್ನಿಸ್ತು, ಅದಕ್ಕೇ ಈಗ ಇರೋ ಸ್ಥಿತೀಲಿ ಹಲಗೆ ಫೋಟೋ ತೆಗೆದು ಪುಸ್ತಕದ ಮೊದಲ ಪುಟಕ್ಕೆ ಹಾಕ್ತೀನಿ. ಆದ್ರೆ ತಮ್ಮಾ, ನೀನು ಬಾ. ಭಾನುವಾರ ಹತ್ತು ಗಂಟೆಗೆ ಅಂಗಡಿ ತೆಗೆದಿರ್ತೀನಿ. ನಿನ್ನ ಪೋಸ್ಟ್ ಓದಿ ಮೇಜಿನ ಡ್ರಾಯರ್ ಎಳೆದು ನೋಡ್ದೆ, ಪೇಪರ್ ಚೂರಲ್ಲಿ ಸುತ್ತಿ 5 ಹಲಸಿನ ಕಡ್ಡಿ ಇಟ್ಟಿದಾರೆ, ಕತ್ತರಿಸಿ ಉಜ್ಜಿ ಎಲ್ಲ ಆಗಿದೆ, ಪೇಪರ್ ಮೇಲೆ ಪೆನ್ಸಿಲಲ್ಲಿ "ಚಕ್ರ" ಅಂತ ಅವರದೇ ಅಕ್ಷರ.