ಸಹಾಯ ಬೇಕು: ಲೇಸರ್ ಚಿಮಟದ ಲೆಕ್ಕ ಎರಡು ಥರ ಬರ್ತಿದೆ

ನಮಸ್ಕಾರ. ನಾನು ಶಿರಸಿಯವನು, ಎಂಎಸ್ಸಿ ಫಿಸಿಕ್ಸ್ ಪ್ರಾಜೆಕ್ಟ್ ಮಾಡ್ತಿದ್ದೇನೆ. ಒಂದೇ ಒಂದು ಡಿಎನ್ಎ ಎಳೆಯನ್ನು ಜಗ್ಗಿ ನೋಡಲು ಅದರ ತುದಿಗೆ ಅಂಟಿಸ್ತಾರಲ್ಲ, ಆ 1 ಮೈಕ್ರಾನ್ ಪಾಲಿಸ್ಟೈರೀನ್ ಮಣಿ. ಅದನ್ನಷ್ಟೇ ನೀರಲ್ಲಿ ಲೇಸರಿನಿಂದ ಹಿಡಿದಿಟ್ಟ ಡೇಟಾ ಸ್ನೇಹಿತರೊಬ್ಬರು ಕೊಟ್ಟಿದ್ದಾರೆ. (1986ರಲ್ಲಿ ಆರ್ಥರ್ ಆಶ್ಕಿನ್ ತಂಡ ತೋರಿಸಿದ ವಿದ್ಯೆ. 2018ರಲ್ಲಿ ನೊಬೆಲ್ ಬಂದಾಗ ಆಶ್ಕಿನ್ ಅಜ್ಜನಿಗೆ 96!)

ಬಲ ಅಳೆಯೋಕೆ ಮೊದಲು ಮಣಿಯನ್ನು ನಡುವಿಗೆ ಎಳೆಯುವ ಬೆಳಕಿನ 'ಸ್ಪ್ರಿಂಗ್' ಎಷ್ಟು ಬಿಗಿ ಅಂತ ಗೊತ್ತಾಗಬೇಕು. ಕೋಣೆಯ ತಾಪದ ಉಷ್ಣಶಕ್ತಿ (kT), ಅಂದರೆ 4.1 ಪಿಕೋನ್ಯೂಟನ್-ನ್ಯಾನೊಮೀಟರನ್ನು, ಮಣಿ ಎಷ್ಟು ಅತ್ತಿತ್ತ ಹರಡುತ್ತದೆ ಅಂತ ಹೇಳುವ ನಡುಕದ ವೇರಿಯನ್ಸ್‌ನಿಂದ ಭಾಗಿಸಿದೆ. ಮೊದಲ 10 ಸೆಕೆಂಡಿಗೆ ನ್ಯಾನೊಮೀಟರಿಗೆ 0.04 ಪಿಕೋನ್ಯೂಟನ್ ಬಂತು, ಇಡೀ 5 ನಿಮಿಷಕ್ಕೆ 0.025! ನಡುಕ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟಿದೆ ಅಂತ ತೋರಿಸುವ ಪವರ್ ಸ್ಪೆಕ್ಟ್ರಮ್‌ನಲ್ಲಿ ಕಾರ್ನರ್ ಫ್ರೀಕ್ವೆನ್ಸಿ (ಅದರಾಚೆ ನಡುಕ ಕುಗ್ಗುತ್ತಾ ಹೋಗುತ್ತದೆ) ಸುಮಾರು 750 ಹರ್ಟ್ಸ್, ಅಂದರೆ ಮತ್ತೆ 0.04.

ಡ್ರಿಫ್ಟ್ (ಉಪಕರಣ ನಿಧಾನಕ್ಕೆ ಸರಿಯೋದು) ಸೇರಿಕೊಂಡು ವೇರಿಯನ್ಸ್ ಉಬ್ಬಿದೆ ಅಂತ ನನ್ನ ಗುಮಾನಿ. ನಿಧಾನದ ಏರಿಳಿತ ತೆಗೆದುಹಾಕುವ ಹೈಪಾಸ್ ಫಿಲ್ಟರ್ ಹಾಕಲೋ, ಡೇಟಾವನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿನ ವೇರಿಯನ್ಸ್ ಲೆಕ್ಕ ಹಾಕಿ ಸರಾಸರಿ ತೆಗೆಯಲೋ? ಫಿಲ್ಟರ್ ಹಾಕಿದರೆ ನಿಜವಾದ ನಡುಕವೂ ಸ್ವಲ್ಪ ಕೊಚ್ಚಿಹೋಗುತ್ತದಲ್ಲ, ಎಷ್ಟು ಹರ್ಟ್ಸ್‌ಗೆ ಕತ್ತರಿಸಿದರೆ ಅಪಾಯವಿಲ್ಲ?

ಪೈಥಾನ್ ಕೋಡ್ ಬೇಕಿದ್ದರೆ ಕಳಿಸ್ತೇನೆ. ಇಲ್ಲಿ ಮಳೆ, ಬೆಳಗಿಂದ ಕರೆಂಟಿಲ್ಲ. ಉತ್ತರ ತಡವಾದರೆ ಬೇಜಾರಾಗಬೇಡಿ.