‘ಪೂರ್ವಬಾಲ್ಯ’ ಅಂದರೆ ಬಾಲ್ಯಕ್ಕೂ ಮುಂಚೆಯೇ? ‘ಎಳವೆ’ ಎಷ್ಟು ವಯಸ್ಸಿನವರೆಗೆ?

ಎಲ್ಲರಿಗೂ ನಮಸ್ಕಾರ.

ಮಾನವ ಅಭಿವೃದ್ಧಿ ವಿಷಯದಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದೇನೆ. ಆರಿಸಿಕೊಂಡಿರುವುದು ಅರ್ಲಿ ಚೈಲ್ಡ್‌ಹುಡ್ ಕೇರ್ ಅಂಡ್ ಎಜುಕೇಷನ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ, ಅವರಿಗೆ ಕಲಿಸುವ ವಿಷಯ. ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ವಾರಕ್ಕೆರಡು ದಿನ ಹೋಗುವ ಅಂಗನವಾಡಿ ಮಾತ್ರ ಪೂರ್ತಿ ಕನ್ನಡ. ಮೈಸೂರಿನಿಂದ ಟಿ. ನರಸೀಪುರದ ಕಡೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರಲ್ಲಿ ಶುರುವಾದಾಗ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ 33 ಕಡೆಗಳಲ್ಲಿ ನರಸೀಪುರವೂ ಒಂದು. ಹಾಗಾಗಿ ಅಲ್ಲಿನವರಿಗೆ ಅಂಗನವಾಡಿ ಹೊಸದೇನಲ್ಲ. ಹೊಸದಾಗಿದ್ದದ್ದು ನಾನು ಬೋರ್ಡಿನ ಮೇಲೆ ಬರೆದ ಕನ್ನಡ.

ತಾಯಂದಿರ ಸಭೆಯ ದಿನ ಸೀಮೆಸುಣ್ಣದಲ್ಲಿ ದಪ್ಪಕ್ಷರದಲ್ಲಿ ‘ಪೂರ್ವಬಾಲ್ಯದ ಆರೈಕೆ ಮತ್ತು ಶಿಕ್ಷಣ’ ಎಂದು ಬರೆದಿದ್ದೆ. ಮೊಮ್ಮಗಳನ್ನು ಬಿಡಲು ಬಂದ ಅಜ್ಜ ಒಬ್ಬರು ಅಕ್ಷರ ಕೂಡಿಸಿ ಓದಿ, “ಏನವ್ವಾ ಇದು, ಹೋದ ಜಲ್ಮದ್ದಾ?” ಅಂದರು. ಒಳಗೆ ಬೇಳೆ ತೊಳೆಯುತ್ತಿದ್ದ ಸಹಾಯಕಿ ಅಲ್ಲಿಂದಲೇ, “ಅಲ್ಲ ಕಣಪ್ಪಾ, ಬಸುರಿ ಹೆಂಗಸ್ರ ವಿಚಾರ. ಮಾತೃಪೂರ್ಣದ ಊಟ ಕೊಡಲ್ವಾ, ಅದು” ಎಂದು ತಿದ್ದಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದರೆ, ಇಬ್ಬರದೂ ತಪ್ಪಲ್ಲ. ಪೂರ್ವಜನ್ಮ, ಪೂರ್ವಾಶ್ರಮ ಎನ್ನುವಾಗ ‘ಪೂರ್ವ’ ಅಂದರೆ ಹಿಂದಿನದು, ಕಳೆದುಹೋದದ್ದು. ಅಜ್ಜ ಆ ದಾರಿ ಹಿಡಿದರು. ಪೂರ್ವಸಿದ್ಧತೆ ಎನ್ನುವಾಗ ಮುಂಚಿತವಾಗಿ ಮಾಡಿಕೊಂಡದ್ದು, ಪೂರ್ವ ಪ್ರಾಥಮಿಕ ಎನ್ನುವಾಗ ಪ್ರಾಥಮಿಕಕ್ಕಿಂತ ಮೊದಲಿನದು. ಸಹಾಯಕಿ ಹಿಡಿದದ್ದು ಈ ದಾರಿ: ಬಾಲ್ಯಕ್ಕಿಂತ ಮೊದಲಿನದು ಅಂದರೆ ಬಸಿರು ತಾನೇ. ನಾನು ಹೇಳಹೊರಟಿದ್ದ ಅರ್ಥ ಪೂರ್ವಾರ್ಧ, ಪೂರ್ವಾಹ್ನಗಳಲ್ಲಿ ಇರುವಂಥದ್ದು, ಒಂದರ ಮೊದಲ ಭಾಗ ಎಂಬುದು. ಆದರೆ ಪೂರ್ವಾಹ್ನ ಎಂಬ ಮಾತು ಲಗ್ನಪತ್ರಿಕೆ ಬಿಟ್ಟು ಬೇರೆಲ್ಲಿ ಉಳಿದಿದೆ?

‘ಪೂರ್ವ’ ಪದದ ಕೊನೆಗೆ ಬಂದರೆ ಈ ತೊಂದರೆ ಇಲ್ಲ. ಕ್ರಿಸ್ತಪೂರ್ವ, ಪ್ರಸವಪೂರ್ವ, ಶಾಲಾಪೂರ್ವ, ಇವೆಲ್ಲ ‘ಅದಕ್ಕಿಂತ ಮೊದಲು’ ಅಷ್ಟೇ. ತಲೆಯ ಕಡೆ ಬಂದಾಗಲೇ ಗೋಜಲು. ನಮ್ಮ ವಿಷಯದಲ್ಲಂತೂ ಒಂದೇ ಪುಟದಲ್ಲಿ ‘ಪೂರ್ವ ಪ್ರಾಥಮಿಕ’ವೂ ‘ಪೂರ್ವಬಾಲ್ಯ’ವೂ ಅಕ್ಕಪಕ್ಕ ಕೂರುತ್ತವೆ. ಒಂದರಲ್ಲಿ ಪೂರ್ವ ಎಂದರೆ ಹೊರಗೆ, ಇನ್ನೊಂದರಲ್ಲಿ ಒಳಗೆ. ಓದುವವರು ಏನು ಮಾಡಬೇಕು?

‘ಆರಂಭಿಕ ಬಾಲ್ಯ’ ಎನ್ನಬಹುದು. ಅರ್ಥ ಕೆಡುವುದಿಲ್ಲ. ಆದರೆ ಆರಂಭಿಕ ಅಂದ ಕೂಡಲೇ ನನಗೆ ಪ್ಯಾಡ್ ಕಟ್ಟಿಕೊಂಡ ಬ್ಯಾಟರ್ ಕಾಣುತ್ತಾನೆ.

ನಾನು ಪುತ್ತೂರು ಕಡೆಯವಳು. ನಮ್ಮಲ್ಲಿ ‘ಎಳವೆ’ ಎಂಬ ಮಾತು ಬಳಕೆಯಲ್ಲಿದೆ. “ಎಳವೆಯಲ್ಲೇ ಅಭ್ಯಾಸ ಆಗಬೇಕು” ಎಂದು ನಮ್ಮಜ್ಜಿ ಊಟದೆಲೆಯ ಮುಂದೆ ಕೂರಿಸಿ ಹೇಳುತ್ತಿದ್ದರು. ಎಳನೀರು, ಎಳೆಗರು, ಎಳೆಬಿಸಿಲಿನ ಬಳಗದ್ದೇ ಪದ. ‘ಎಳವೆಯ ಆರೈಕೆ ಮತ್ತು ಕಲಿಕೆ’ ಎಂದು ಬರೆದರೆ ಚೈಲ್ಡ್‌ಹುಡ್‌ಗೆ ಬೇರೆ ಪದ, ಅರ್ಲಿಗೆ ಬೇರೆ ಪದ ಹುಡುಕುವ ಗೋಜೇ ಇಲ್ಲ. ಆದರೆ ಹಾಸ್ಟೆಲಿನ ಮೈಸೂರು, ಮಂಡ್ಯದ ಗೆಳತಿಯರು ಇದು ಪೇಪರ್‌ನಲ್ಲಿ ಮಾತ್ರ ಬರುವ ಪದ ಎನ್ನುತ್ತಾರೆ. ‘ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ’ ಎಂದು ಪೇಪರ್‌ನವರು ಬರೆಯುವಾಗ ಆ ಮಗುವಿಗೆ ಎರಡು ವರ್ಷವೂ ಆಗಿರಬಹುದು, ಹನ್ನೆರಡೂ ಆಗಿರಬಹುದು. ನನಗೆ ಬೇಕಾದದ್ದು ಗಡಿ ಇರುವ ಪದ. ಯುನೆಸ್ಕೊ ಲೆಕ್ಕದಲ್ಲಿ ಈ ಹಂತ ಹುಟ್ಟಿನಿಂದ ಎಂಟು ವರ್ಷ. ಇದೇ ವಿಷಯದ ನಮ್ಮ 2013ರ ರಾಷ್ಟ್ರೀಯ ನೀತಿಯಲ್ಲಿ ಆರು ವರ್ಷದೊಳಗೆ. 2020ರ ಶಿಕ್ಷಣ ನೀತಿಯ ಬುನಾದಿ ಹಂತವಾದರೆ ಮೂರರಿಂದ ಎಂಟು. ಇಂಗ್ಲಿಷಿನಲ್ಲೇ ಗಡಿ ಇಷ್ಟು ಅಲ್ಲಾಡುತ್ತಿರುವಾಗ ಎಳವೆಯೊಂದನ್ನೇ ದೂರುವುದು ಅನ್ಯಾಯ ಅನ್ನಿಸುತ್ತದೆ.

ಇನ್ನು ‘ಕೇರ್’. ಪೋಷಣೆ, ಪಾಲನೆ, ಆರೈಕೆ ಮೂರೂ ಓಡಾಡುತ್ತಿವೆ. ಪೋಷಣ್ ಅಭಿಯಾನ ಬಂದ ಮೇಲೆ ಪೋಷಣೆ ಅಂದರೆ ಮೊಟ್ಟೆ, ಹಾಲು, ತೂಕದ ಪಟ್ಟಿ ಅಷ್ಟೇ ಆಗಿಬಿಟ್ಟಿದೆ. ಪಾಲನೆಗೆ ನಿಯಮಪಾಲನೆ, ಪಶುಪಾಲನೆಗಳ ನೆರಳು. ‘ಲಾಲನೆ ಪಾಲನೆ’ ಎಂದು ಜೋಡಿಯಾಗಿ ಬಂದಾಗಲೇ ಅದಕ್ಕೆ ಮಗುವಿನ ವಾಸನೆ. ಸಹಪಾಠಿಯೊಬ್ಬಳು ಆರೈಕೆ ಬೇಡ, ಅದು ರೋಗಿ, ಬಾಣಂತಿಯರ ಪದ ಎಂದು ಹಟ ಹಿಡಿದಿದ್ದಾಳೆ. ನನಗೆ ಆರೈಕೆಯೇ ಇಷ್ಟ, ಅದಕ್ಕೆ ಕಾರಣವಿದೆ. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸು, ಪರೀಕ್ಷಿಸಿ ನೋಡು ಎಂಬ ಅರ್ಥವೂ ಇದೆ, ಸಲಹು ಎಂಬುದೂ ಇದೆ. ತಮಿಳಿನಲ್ಲಿ ಸಂಶೋಧನೆಗೆ ಹೇಳುವ ‘ಆರಾಯ್ಚಿ’ ಇದರದೇ ನೆಂಟ.

ನಮಗೆ ಕಾಲೇಜಿನಲ್ಲಿ ಮಾಡಿಸುವ ಮುಖ್ಯ ಕೆಲಸವೇ ಈ ಆರಯ್ಯುವುದು. ಒಂದು ಮಗುವಿನ ಪಕ್ಕ ಕುಳಿತು, ಇಪ್ಪತ್ತು ನಿಮಿಷ ಮಾತಾಡದೆ, ಅದು ಮಾಡಿದ್ದನ್ನೆಲ್ಲ ಬರೆದುಕೊಳ್ಳಬೇಕು. ಹೋದ ವಾರ ನಾಲ್ಕು ವರ್ಷದ ಹುಡುಗನೊಬ್ಬ ಹುಣಸೆ ಬೀಜ, ಹೊಂಗೆ ಬೀಜ ಬೇರೆ ಮಾಡುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ, ಒಡೆದ ಹುಣಸೆ ಬೀಜಗಳನ್ನೆಲ್ಲ ಮೂರನೇ ಗುಡ್ಡೆ ಮಾಡಿದ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಪೆನ್ನು ಹಿಡಿದು ಬೆರಗಾಗಿ ಕೂತಿದ್ದರೆ, ಟೀಚರ್ ಬಾಗಿಲಿಂದ, “ಅವ್ನು ಯಾವಾಗ್ಲೂ ಹಂಗೇ, ಮುರಿದಿದ್ದು ಬೇರೆ ಇಡ್ತಾನೆ” ಅಂದರು. ಅವರು ಏನನ್ನೂ ಬರೆದುಕೊಂಡವರಲ್ಲ. ತಮ್ಮ ಕೆಲಸ ಏನು ಅಂತ ಕೇಳಿದರೆ ‘ಮಕ್ಕಳನ್ನ ನೋಡ್ಕೊಳ್ಳೋದು’ ಎನ್ನುತ್ತಾರೆ. ಈ ‘ನೋಡ್ಕೊ’ದಲ್ಲೂ ನೋಟ ಇದೆ ಎಂಬುದು ನನಗೆ ಹೊಳೆದದ್ದು ಆ ಹೊತ್ತಿಗೆ.

ಜಾಗದ ಹೆಸರುಗಳ ಬಗ್ಗೆ ತಕರಾರಿಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೊಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟದ್ದು ಮಕ್ಕಳ ತೋಟ ಎಂಬ ಅರ್ಥದಲ್ಲಿ. ಬಾಲವಾಡಿಯ ‘ವಾಡಿ’ಗೂ ಗುಜರಾತಿ, ಮರಾಠಿಗಳಲ್ಲಿ ತೋಟ ಎಂಬ ಅರ್ಥವಿದೆ. ಕನ್ನಡದ ಕಿವಿಗೆ ವಾಡಿ ಅಂದರೆ ಹಳ್ಳಿ, ಇಲ್ಲವೇ ಕಲಬುರಗಿ ಕಡೆಯ ರೈಲ್ವೆ ಜಂಕ್ಷನ್. ಆದರೂ ಅಂಗನವಾಡಿ ಈಗ ನಮ್ಮದೇ ಪದ, ಯಾರೂ ಬಿಡಿಸಿ ನೋಡುವುದಿಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ನಮ್ಮ ಸರ್ಕಾರ ಶುರು ಮಾಡಿದ ಶಿಶುಪಾಲನಾ ಕೇಂದ್ರಕ್ಕೆ ‘ಕೂಸಿನ ಮನೆ’ ಎಂದು ಹೆಸರಿಟ್ಟಿದ್ದಾರೆ. ಕಚೇರಿಯಿಂದಲೇ ಇಂಥ ಪದ ಬರುವುದಾದರೆ ‘ಪೂರ್ವಬಾಲ್ಯ’ಕ್ಕೆ ನಾವೇಕೆ ಜೋತು ಬೀಳಬೇಕು?

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಊರಿನ ಮಾತಿನಲ್ಲಿ ಎಳವೆ ಇದೆಯೇ? ಇದ್ದರೆ ಎಷ್ಟು ವಯಸ್ಸಿಗೆ ಮುಗಿಯುತ್ತದೆ: ಹಾಲುಹಲ್ಲು ಬೀಳುವಾಗಲೇ, ಶಾಲೆಗೆ ಸೇರಿದಾಗಲೇ, ಮೀಸೆ ಮೂಡುವವರೆಗೂ ನಡೆಯುತ್ತದೆಯೇ? ಹಳಗನ್ನಡ ಓದಿದವರು ಅಲ್ಲಿ ಅದು ಯೌವನದವರೆಗೂ ಚಾಚುತ್ತದೆಯೇ ತಿಳಿಸಿ. ಉತ್ತರ ಕರ್ನಾಟಕದವರು ‘ಸಣ್ಣಂದಿರತಾಗ’ ಎನ್ನುವುದನ್ನು ಕೇಳಿದ್ದೇನೆ, ಅದಕ್ಕೂ ಇದಕ್ಕೂ ಅಳತೆ ಒಂದೇನಾ?

ಇನ್ನೊಂದು ಬಾಕಿ ಉಳಿಯಿತು. ‘ಟಾಡ್ಲರ್’ಗೆ ಏನನ್ನೋಣ? ಹಸುಗೂಸು ಅಲ್ಲ, ಅಂಬೆಗಾಲು ದಾಟಿದೆ, ದಟ್ಟಡಿ ಇಡುತ್ತಿದೆ. ನಮ್ಮ ಮನೆಯಲ್ಲಿ ‘ಹೊಸ್ತಿಲು ದಾಟಿದ ಮಗು’ ಎನ್ನುತ್ತಾರೆ. ವರದಿಯಲ್ಲಿ ನಲವತ್ತು ಸಲ ಹಾಗೆ ಬರೆದರೆ ಮೇಡಂ ಒಪ್ಪುವುದು ಅನುಮಾನ.